ದಿಣ್ಣೆ ಹತ್ತದ ಬೈಕಿನ ವಿಚಾರವಾಗಿ

ಇಂದ:
ಲೋಹಿತಾ ಎಂ.,
ಪಶು ವೈದ್ಯಕೀಯ ಪರೀಕ್ಷಕಿ, ಕೊಳಾಲ ಹೋಬಳಿ,
ವಾಸ: ತಮ್ಮದೇ ಮನೆಯ ಮುಂದಿನ ಕೋಣೆ, ಕೊರಟಗೆರೆ.

ಗೆ:
ಶ್ರೀ ಮಲ್ಲಿಕಾರ್ಜುನಯ್ಯನವರು,
ನಿವೃತ್ತ ಶಿರಸ್ತೇದಾರರು ಹಾಗೂ ಅರ್ಜಿದಾರಳ ತಂದೆಯವರು,
ಹಾಲಿ ಮೊಕ್ಕಾಂ: ಹಜಾರದ ಕುರ್ಚಿ, ದಿನಪತ್ರಿಕೆಯ ಹಿಂದೆ.

ವಿಷಯ: ಸೆಕೆಂಡ್ ಹ್ಯಾಂಡ್ ಬೈಕು ಎಳೆಯದೆ ಇದ್ದುದಕ್ಕೆ ಕಾರಣ ಪತ್ತೆಯಾದ ಬಗ್ಗೆ, ಹಾಗೂ ತತ್ಸಂಬಂಧ ತಾವು ಕೈಗೊಳ್ಳಬೇಕಾದ ಕ್ರಮದ ಬಗ್ಗೆ.

ಉಲ್ಲೇಖ: 1) ಸೋಮವಾರ ತಿಂಡಿಯ ಹೊತ್ತಿಗೆ ತಾವು ನೀಡಿದ ಮೌಖಿಕ ಆದೇಶ: "ಏನಿದ್ರೂ ಬರ್ದು ಕೊಡಮ್ಮ."
2) ಅದೇ ದಿನ ಊಟದ ಹೊತ್ತಿಗೆ ಅದೇ ಆದೇಶ, ಕೊಂಚ ಜೋರು ದನಿಯಲ್ಲಿ.

ಮಾನ್ಯರೇ (ಅಪ್ಪಾಜಿ),

ಮೇಲ್ಕಂಡ ವಿಷಯವನ್ನು ಬಾಯಿಮಾತಿನಲ್ಲಿ ಎತ್ತಿದಾಗಲೆಲ್ಲ ತಾವು ಪತ್ರಿಕೆಯನ್ನು ಮುಖದ ಮೇಲಕ್ಕೆ ಎತ್ತಿಕೊಳ್ಳುತ್ತಿರುವ ಕಾರಣ, ಹಾಗೂ ಸೇವಾವಧಿಯುದ್ದಕ್ಕೂ ಒಂದೇ ಒಂದು ಅರ್ಜಿಯನ್ನೂ ಓದದೆ ಬದಿಗಿಟ್ಟವರಲ್ಲ ಎಂದು ಅಮ್ಮ ತಮ್ಮ ಪರವಾಗಿ ಪ್ರಮಾಣ ಮಾಡಿರುವ ಕಾರಣ, ನಡೆದದ್ದನ್ನು ನಡೆದ ಹಾಗೆಯೇ ಈ ಮೂಲಕ ಸಲ್ಲಿಸುತ್ತಿದ್ದೇನೆ.

1. ನನಗೆ ಕೊಳಾಲ ಹೋಬಳಿಗೆ ಪೋಸ್ಟಿಂಗ್ ಆಯಿತು. ಹಸು ಎಮ್ಮೆಗಳು ಬಸ್ಸಿನ ವೇಳೆ ನೋಡಿಕೊಂಡು ಕಾಯಿಲೆ ಬೀಳುವುದಿಲ್ಲವಾದ ಕಾರಣ ನನಗೊಂದು ಬೈಕು ಅವಶ್ಯವಾಯಿತು. ಸ್ಕೂಟರ್ ಸಾಕು ಎಂದು ತಾವು, ಹೊಲದ ದಾರಿಯಲ್ಲಿ ಸ್ಕೂಟರಿನ ಚಕ್ರ ಹೂತುಹೋಗುತ್ತದೆ ಎಂದು ನಾನು, "ಇಬ್ರೂ ಸುಮ್ಕಿರಿ, ಮುದ್ದೆ ಆರ್ತೈತೆ" ಎಂದು ಅಮ್ಮ. ಕೊನೆಗೆ ತಾವೇ ಸೋತು, ಶಿರಾದಲ್ಲಿ ಹಳೇ ಬೈಕು ಮಾರುವ ಅರುಣ್ ಕುಮಾರ್ ಅವರ ಅಂಗಡಿಗೆ ನನ್ನ ಜೊತೆ ಬಂದಿರಿ. ಕಪ್ಪು ಬಣ್ಣದ ನೂರು ಸಿ.ಸಿ. ಗಾಡಿಯೊಂದನ್ನು ಆರಿಸಿದವರೂ ತಾವೇ. ಸೀಟು ಅಗಲವಾಗಿದೆ ಎಂಬುದು ತಾವು ಕೊಟ್ಟ ಏಕೈಕ ಕಾರಣ.

2. ಶಿರಾದಿಂದ ಮಧುಗಿರಿ ಮಾರ್ಗವಾಗಿ ಮನೆಯವರೆಗೆ ನಾನು ಓಡಿಸಿದೆ, ತಾವು ಹಿಂದೆ ಕುಳಿತಿರಿ. ಗಾಡಿ ಓಡಲಿಲ್ಲ, ಹಾರಿತು. ಬಡವನಹಳ್ಳಿ ಹತ್ತಿರ ತಮ್ಮ ಹೆಗಲ ಮೇಲಿನ ಟವೆಲು ತಮ್ಮನ್ನು ಬಿಟ್ಟು ಹೋಯಿತು. ಆಗ ತಾವು "ನಿಲ್ಸು, ನಿಲ್ಸು" ಎಂದು ಕೂಗಿದ್ದು ಗಾಳಿಯ ಸದ್ದಿನಲ್ಲಿ ನನಗೆ "ಗೆಲ್ಸು, ಗೆಲ್ಸು" ಎಂದು ಕೇಳಿಸಿದ ಕಾರಣ ಮುಂದಿದ್ದ ಖಾಸಗಿ ಬಸ್ಸನ್ನು ಹಿಂದೆ ಹಾಕಿದೆ. ಮನೆ ತಲುಪಿದ ಮೇಲೆ ತಾವು ಚೊಂಬು ನೀರು ಕುಡಿದು ನೇರ ದೇವರ ಕೋಣೆಗೆ ಹೋದಿರಿ. ಗಾಡಿ ಒಳ್ಳೆಯದು ಸಿಕ್ಕಿತೆಂದು ದೇವರಿಗೆ ಕೈ ಮುಗಿಯುತ್ತಿದ್ದೀರಿ ಎಂದು ನಾನು ಭಾವಿಸಿದೆ.

3. ಮಾರನೆಯ ಬೆಳಿಗ್ಗೆ ತಾವು, "ಹಳೇ ಗಾಡಿ ಕಣಮ್ಮ, ಹಂಗೇ ಓಡಿಸ್ಬಾರ್ದು. ಶಂಕರಲಿಂಗಪ್ಪನ ಕೈಲಿ ಸರ್ವಿಸ್ ಮಾಡಿಸ್ಬುಡ್ತೀನಿ" ಎಂದಿರಿ. ಬಸ್ ಸ್ಟ್ಯಾಂಡಿನ ಹಿಂದೆ ಮೆಕ್ಯಾನಿಕ್ ಶಾಪ್ ಇಟ್ಟಿರುವ ಶಂಕರಲಿಂಗಪ್ಪನವರು ತಮ್ಮ ಶಾಲಾ ಸಹಪಾಠಿ. ಅವರು ಬಂದು ಗಾಡಿ ಒಯ್ದರು, ತಾವೂ ಜೊತೆಗೆ ಹೋದಿರಿ. ಸಂಜೆಗೆ ಗಾಡಿ ಫಳಫಳ ಹೊಳೆಯುತ್ತ ವಾಪಸ್ ಬಂತು. ಹೊಳಪೊಂದನ್ನು ಬಿಟ್ಟರೆ ಅದರಲ್ಲಿ ಬೇರೇನೂ ಉಳಿದಿರಲಿಲ್ಲ.

4. ಸಮತಟ್ಟು ರಸ್ತೆಯಲ್ಲಿ ಗಾಡಿ ಏನನ್ನೋ ಯೋಚಿಸುತ್ತ ಹೋಗುವವರ ಹಾಗೆ ಹೋಗುತ್ತಿತ್ತು. ಸ್ವಲ್ಪ ಏರು ಕಂಡರೆ ಕೆಮ್ಮು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವರು ನನ್ನನ್ನು ಹಿಂದೆ ಹಾಕಿ, ಪಾಪ ಎನ್ನುವಂತೆ ತಿರುಗಿ ನೋಡಿದರು. ಒಬ್ಬ ಕುರಿಗಾಹಿ ಒಂದು ಏರಿನ ಉದ್ದಕ್ಕೂ ನನ್ನ ಪಕ್ಕದಲ್ಲೇ ನಡೆಯುತ್ತ, ಜಂತುಹುಳದ ಔಷಧಿ ಯಾವಾಗ ಕುಡಿಸಬೇಕೆಂದು ವಿವರವಾಗಿ ಕೇಳಿ ತಿಳಿದುಕೊಂಡರು. ಕುರಿಗಳು ಮುಂದೆ ಹೋಗಿ ನಮಗಾಗಿ ಕಾದು ನಿಂತಿದ್ದವು.

5. ಆದ್ದರಿಂದ ಗಾಡಿಯನ್ನು ಮತ್ತೆ ಮತ್ತೆ ಶಂಕರಲಿಂಗಪ್ಪನವರಲ್ಲಿಗೆ ಒಯ್ದೆ. ಪ್ರತಿ ಸಲವೂ ತಾವು ಜೊತೆಗೆ ಬಂದಿರಿ. ಅವರು ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಕೊಡವಿದರು, ಚೈನು ಸಡಿಲಿಸಿದರು, ಬ್ರೇಕು ಹಿಡಿಯುತ್ತಿದೆಯೇ ಎಂದು ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿದರು. ಕ್ಲಚ್ ಪ್ಲೇಟು ಸವೆದಿಲ್ಲ, ಸೈಲೆನ್ಸರ್ ಕಟ್ಟಿಕೊಂಡಿಲ್ಲ, ಪೆಟ್ರೋಲ್ ಸರಿಯಾಗಿ ಇಳಿಯುತ್ತಿದೆ. "ಮತ್ತೆ ಯಾಕೆ ಎಳೀತಿಲ್ಲ?" ಎಂದು ಕೇಳಿದೆ. ಅವರು ತಮ್ಮ ಮುಖ ನೋಡಿದರು. ತಾವು ಆಕಾಶ ನೋಡಿದಿರಿ. "ವಯಸ್ಸಾಗೈತೆ ಕಣಮ್ಮ ಗಾಡಿಗೆ. ನಮ್ ಹಂಗೇ" ಎಂದರು. ಎಕ್ಸಲೇಟರ್ ಅರ್ಧಕ್ಕೇ ನಿಲ್ಲುತ್ತದಲ್ಲ ಎಂದದ್ದಕ್ಕೆ, "ಕೇಬಲ್ ಹೊಸ್ದು, ಬಿಗಿ ಇರ್ತೈತೆ" ಎಂದರು. ಹೊಸದಾಗಿ ಗೇರ್ ಗಾಡಿ ಹಿಡಿದ ನಾನು ನಂಬಿದೆ.

6. ನಿಡುಗಲ್ಲಿನಲ್ಲಿ ಅಮ್ಮನ ತಮ್ಮನ ಗೃಹಪ್ರವೇಶಕ್ಕೆ ತಮ್ಮನ್ನೂ ಕೂರಿಸಿಕೊಂಡು ಹೋದಾಗ ಪಾವಗಡದಲ್ಲಿ ತೆಲುಗು ಬೆರೆಸಿ ಮಾತಾಡುವ ಒಬ್ಬ ಮೆಕ್ಯಾನಿಕ್ಕಿಗೆ ಗಾಡಿ ತೋರಿಸಿದೆ. ಅವರು ಒಂದು ಸುತ್ತು ಓಡಿಸಿ ಬಂದು, "ಬಂಡಿ ಬಾಗುಂದಿ ಮೇಡಂ, ಇಂಜಿನ್ ಸೂಪರ್. ಕಾರ್ಬೊರೇಟರ್ ಒಳಗೇ ಏನೋ ಅಡ್ಡ ಐತೆ, ಬಿಚ್ಚಿ ಚೂಸ್ತಾನು" ಎಂದು ಸ್ಕ್ರೂ ಡ್ರೈವರ್ ಎತ್ತಿಕೊಂಡರು. ಆ ಕ್ಷಣಕ್ಕೆ ಸರಿಯಾಗಿ ತಮಗೆ ಎದೆ ಹಿಡಿದಂತಾಯಿತು. ಸೋಡಾ ಕುಡಿಸಿ, ಬೆನ್ನು ನೀವಿ, ಗಾಬರಿಯಲ್ಲಿ ಗಾಡಿಯನ್ನು ಹಾಗೆಯೇ ತೆಗೆದುಕೊಂಡು ಹೊರಟೆ. ಗೃಹಪ್ರವೇಶದ ಮನೆಯಲ್ಲಿ ತಾವು ಮೂರು ಹೋಳಿಗೆ ತಿಂದದ್ದನ್ನು ನಾನು ಆಗಲೇ ಗಮನಿಸಬೇಕಿತ್ತು.

7. ಇಷ್ಟಾದ ಮೇಲೆ ಮಾರಿದವರೇ ಮೋಸ ಮಾಡಿದ್ದಾರೆಂದು ತೀರ್ಮಾನಿಸಿ ಶಿರಾಕ್ಕೆ ಹೋದೆ. ಅಂಗಡಿಯ ಮುಂದೆ ಜನ ಸೇರುವಷ್ಟು ಜಗಳವಾಡಿದೆ. ಅರುಣ್ ಕುಮಾರ್ ಗಾಡಿ ಓಡಿಸಿ ನೋಡಿ, ಬೆವರು ಒರೆಸಿಕೊಂಡು, "ದೇವ್ರಾಣೆ ಮೇಡಂ, ಇದು ನಾನ್ ಕೊಟ್ಟ ಗಾಡಿನೇ ಅಲ್ಲ. ಅವತ್ತು ಹೆಂಗಿತ್ತು, ಇವತ್ತು ಹೆಂಗಾಗೈತೆ! ನಿಮ್ಮ ತಂದೇನೇ ಕೂತ್ಕಂಡು ಹೋಗಿದ್ರಲ್ಲ, ಅವ್ರನ್ನೇ ಕೇಳಿ" ಎಂದರು. ಮನೆಗೆ ಬಂದು ತಮ್ಮನ್ನು ಕೇಳಿದೆ. ತಾವು ಚಹಾದ ಲೋಟದೊಳಗೆ ನೋಡುತ್ತ, "ನೆನಪಿಲ್ಲ ಕಣಮ್ಮ. ಕಣ್ಣು ಮುಚ್ಕಂಡಿದ್ದೆ" ಎಂದಿರಿ. ಆ ಉತ್ತರದ ಎರಡನೆಯ ಭಾಗ ಸತ್ಯವಾಗಿತ್ತೆಂದು ಈಗ ತಿಳಿದಿದೆ.

8. ಅದರ ಮುಂದಿನ ಶನಿವಾರ ಕೊಳಾಲದಾಚೆಯ ದಿಣ್ಣೆಯ ಮೇಲಿನ ತೋಟದ ಮನೆಯಿಂದ ಭೀಮರಾಜು ಎಂಬ ರೈತರು ಫೋನ್ ಮಾಡಿದರು. ಹಸುವಿಗೆ ಹೆರಿಗೆ ಕಷ್ಟವಾಗಿತ್ತು. "ಅಷ್ಟೇನಿಲ್ಲ ಬುಡು, ಚೆನ್ನಾಗೇ ಓಡ್ತೈತೆ" ಎಂದು ತಾವು ಪದೇ ಪದೇ ಹೇಳುತ್ತಿದ್ದ ಕಾರಣ, ಸ್ಥಳ ಪರಿಶೀಲನೆ ಆಗಿಬಿಡಲಿ ಎಂದು ಹಠ ಮಾಡಿ ತಮ್ಮನ್ನೂ ಕೂರಿಸಿಕೊಂಡೆ.

ದಿಣ್ಣೆಯ ಕಾಲು ಭಾಗದಲ್ಲೇ ಗಾಡಿ ನಿಂತಿತು. ತಾವು ಇಳಿದಿರಿ. ಮೊದಲನೇ ಗೇರಿನಲ್ಲಿ ನಾನೊಬ್ಬಳೇ ಪ್ರಯತ್ನಿಸಿದೆ. ನಾಲ್ಕು ಮಾರು ಹೋಗಿ ಮತ್ತೆ ನಿಂತಿತು. ಆಗ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

"ಡಾಕ್ಟ್ರಮ್ಮ, ಎಲ್ಲಿದ್ದೀರ? ಒಂದೇ ಕಾಲು ಕಾಣ್ತೈತೆ, ಇನ್ನೊಂದು ಬರ್ತಿಲ್ಲ. ಹಸ ನೆಲ ಹಿಡ್ಕಂಡ್‌ಬುಟ್ಟೈತೆ. ನನ್ನ ಮಗಳು ಅದರ ತಲೆ ತಬ್ಕಂಡು ಅಳ್ತಾ ಕೂತವ್ಳೆ. ಬೇಗ ಬನ್ನಿ ತಾಯಿ."

"ಬಂದೆ ಅಣ್ಣಾ, ಬಂದೆ" ಎಂದು ಹೇಳಿ, ಗಾಡಿಯನ್ನು ಅಲ್ಲೇ ಒರಗಿಸಿ, ಔಷಧಿ ಚೀಲ ಹೆಗಲಿಗೆ ಹಾಕಿಕೊಂಡೆ.

"ನಡ್ಕಂಡು ಹೋದ್ರೆ ಆಗಲ್ವಾ?" ಎಂದು ತಾವು ಕೇಳಿದಿರಿ.

"ಓಡ್ಕಂಡು ಹೋದ್ರೂ ಅಷ್ಟ್ರಲ್ಲಿ ಹಸ ಉಳಿಯಲ್ಲ ಅಪ್ಪಾಜಿ."

ತಾವು ಬಿಸಿಲಲ್ಲಿ ನಿಂತು ಒಮ್ಮೆ ದಿಣ್ಣೆಯನ್ನೂ ಒಮ್ಮೆ ನನ್ನನ್ನೂ ನೋಡಿದಿರಿ. ಆಮೇಲೆ, ತಾಲ್ಲೂಕು ಕಚೇರಿಯಲ್ಲಿ ಜವಾನನಿಗೆ ಫೈಲು ತರಲು ಹೇಳುವ ದನಿಯಲ್ಲಿ ಅಪ್ಪಣೆ ಮಾಡಿದಿರಿ:

"ಆ ಕಾರ್ಬೊರೇಟರ್ ಮುಚ್ಚಳ ಬಿಚ್ಚು. ಸ್ಪ್ರಿಂಗ್ ಒಳಗೆ ಒಂದು ಪೆನ್ನಿನ ತುಂಡೈತೆ. ಅದನ್ನ ಕಿತ್ತಾಕು."

"ನಿಮಗೆಂಗೆ ಗೊತ್ತು?"

"ಮೊದ್ಲು ಬಿಚ್ಚಮ್ಮ, ಆಮೇಲೆ ಬೈಯುವಂತೆ!"

ಸೀಟಿನ ಕೆಳಗಿನ ಟೂಲ್ಸ್ ತೆಗೆದು ಬಿಚ್ಚಿದೆ. ಇತ್ತು. ಬಾಲ್ ಪೆನ್ನಿನ ಕೊಳವೆಯನ್ನು ಹೆಬ್ಬೆರಳ ಉದ್ದಕ್ಕೂ ಕಡಿಮೆ ಕತ್ತರಿಸಿ, ಉದ್ದಕ್ಕೆ ಸೀಳಿ, ಕೇಬಲ್ಲಿಗೆ ತೊಡಿಸಲಾಗಿತ್ತು. ಅದು ಅಡ್ಡವಿದ್ದ ಕಾರಣ ಎಕ್ಸಲೇಟರ್ ಎಷ್ಟು ತಿರುಗಿಸಿದರೂ ಇಂಜಿನ್ನಿಗೆ ಸಿಗುತ್ತಿದ್ದದ್ದು ಅರ್ಧ ಉಸಿರು ಮಾತ್ರ. ತುಂಡಿನ ಮೇಲೆ "ನಿವೃತ್ತ ನೌಕರರ ಸಂ" ಎಂದು ಅಚ್ಚಾಗಿತ್ತು. "ಘ" ಶಂಕರಲಿಂಗಪ್ಪನವರ ಅಂಗಡಿಯಲ್ಲೇ ಉಳಿದಿರಬೇಕು.

ಬೈಯಲು ಸಮಯವಿರಲಿಲ್ಲವಾದ ಕಾರಣ ಬೈಯಲಿಲ್ಲ. ಮುಚ್ಚಳ ಹಾಕಿ ಕಿಕ್ ಹೊಡೆದೆ. ಗಾಡಿ ಎಷ್ಟೋ ದಿನದಿಂದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದವರ ಹಾಗೆ ಕೂಗಿಕೊಂಡಿತು. ತಾವು ಹಾರಿ ಹಿಂದೆ ಕುಳಿತಿರಿ. ಕಲ್ಲು ಚಿಮ್ಮಿತು, ಧೂಳು ಎದ್ದಿತು, ಬೇಲಿಯಲ್ಲಿದ್ದ ಕೋಳಿಗಳು ಊರು ಬಿಟ್ಟವು. ಹಿಂದಿನಿಂದ ತಾವು ನನ್ನ ಭುಜ ಗುದ್ದುತ್ತ, "ಕೊಡು! ಇನ್ನೂ ಕೊಡು ಕಣಮ್ಮ! ಹಸ ಸಾಯ್ತೈತೆ ಅಲ್ಲಿ!" ಎಂದು ಅರಚುತ್ತಿದ್ದಿರಿ. ಈ ಸಲ ನನಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತು.

9. ಕರುವಿನ ಒಂದು ಮುಂಗಾಲು ಒಳಗೆ ಮಡಿಚಿಕೊಂಡಿತ್ತು. ಕೈ ಹಾಕಿ ಸರಿಪಡಿಸಿ, ಎರಡೂ ಕಾಲಿಗೆ ಹಗ್ಗ ಕಟ್ಟಿ, ಹಸು ತಿಣುಕಿದಾಗ ಎಳೆಯಬೇಕೆಂದು ಭೀಮರಾಜು ಅವರಿಗೂ ತಮಗೂ ಹೇಳಿದೆ. ತಾವು ಪಂಚೆ ಎತ್ತಿ ಕಟ್ಟಿ ಎಳೆದಿರಿ. ಕರು ಒಮ್ಮೆಲೇ ಹೊರಬಂದ ರಭಸಕ್ಕೆ ಹಿಂದಿದ್ದ ಸಗಣಿ ಗುಡ್ಡೆಯಲ್ಲಿ ಕುಳಿತಿರಿ. ಕರು ಸೀನಿತು. ಹಸು ತಲೆಯೆತ್ತಿ ನೆಕ್ಕತೊಡಗಿತು. ಭೀಮರಾಜು ಅವರ ಮಗಳು ಅಳುತ್ತಲೇ ನಕ್ಕುಬಿಟ್ಟಳು. ಸಗಣಿಯಲ್ಲಿ ಕುಳಿತೇ ತಾವು "ಹೆಣ್ಗರು! ಹೆಣ್ಗರು!" ಎಂದು ಚಪ್ಪಾಳೆ ತಟ್ಟಿದ್ದನ್ನು, ತಮ್ಮನ್ನು ಕಂಡರೆ ಇಡೀ ಕಚೇರಿ ಎದ್ದು ನಿಲ್ಲುತ್ತಿತ್ತೆಂದು ಕೇಳಿ ಬೆಳೆದ ನಾನು ಕಣ್ಣಾರೆ ಕಂಡೆ.

10. ಜಗಲಿಯ ಮೇಲೆ ಮಜ್ಜಿಗೆ ಕುಡಿಯುವಾಗ ಕೇಳಿದೆ: "ಯಾಕಪ್ಪಾಜಿ?"

ತಾವು ಲೋಟ ಕೆಳಗಿಟ್ಟಿರಿ. "ಅವತ್ತು ನಿನ್ನ ಹಿಂದೆ ಕೂತ್ಕಂಡು ಬಂದ್ನಲ್ಲ, ಹೆದರ್ಕಂಡ್‌ಬುಟ್ಟೆ ಕಣಮ್ಮ. ನನಗೇನಾಗ್ತೈತೋ ಅಂತಲ್ಲ. ದಿನಾ ನೀನೊಬ್ಳೇ ಹಿಂಗೇ ಹೋಗ್ತೀಯಲ್ಲ ಅಂತ. ನಿಧಾನಕ್ಕೆ ಹೋಗು ಅಂದ್ರೆ ನೀನು ಕೇಳಲ್ಲ. ಅದಕ್ಕೆ ಗಾಡಿಗೇ ಹೇಳ್ದೆ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಇಬ್ಬರೂ ಮಜ್ಜಿಗೆ ನೆತ್ತಿಗೇರುವಷ್ಟು ನಕ್ಕೆವು. ಇನ್ನು ಮುಂದೆ ತಿರುವಿನಲ್ಲಿ ನಿಧಾನಿಸುತ್ತೇನೆಂದು ನಾನೂ, ಗಾಡಿಗೆ ಏನೂ ಹೇಳುವುದಿಲ್ಲವೆಂದು ತಾವೂ ಒಪ್ಪಿದೆವು. ಈ ಒಪ್ಪಂದಕ್ಕೆ ಭೀಮರಾಜು ಅವರು ಸಾಕ್ಷಿ.

11. ಪ್ರಕರಣ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಳೆದ ಭಾನುವಾರ ನಾನು ಕ್ಷಮೆ ಕೇಳಲು ಶಿರಾಕ್ಕೆ ಹೋದಾಗ ಅರುಣ್ ಕುಮಾರ್ ಎದ್ದು ಬಂದು ಕೈ ಹಿಡಿದುಕೊಂಡು ನಕ್ಕರು. "ನಿಮ್ಮ ತಂದೆ ಗುರುವಾರಾನೇ ಬಸ್ಸಲ್ಲಿ ಬಂದು ಎಲ್ಲಾ ಹೇಳಿ, ತಪ್ಪಾಯ್ತು ಅಂತ ಹೇಳಿ ಹೋದ್ರು ಮೇಡಂ."

ನನಗೆ ಕಣ್ಣು ತುಂಬಿ ಬಂತು. ಅವರು ಮುಂದುವರಿಸಿದರು: "ಹೋಗ್ತಾ ಇನ್ನೊಂದು ಮಾತು ಹೇಳಿದ್ರು. ನನಗೂ ಒಂದು ನೋಡಿಡಪ್ಪ, ಮಗಳದಕ್ಕಿಂತ ಜೋರಾಗಿರ್ಬೇಕು, ಬಣ್ಣ ಕೆಂಪಿದ್ರೆ ವಾಸಿ, ಮನೇಲಿ ಯಾರಿಗೂ ಹೇಳ್ಬೇಡ ಅಂದ್ರು."

ಪತ್ರಿಕೆ ಮುಖದ ಮೇಲಕ್ಕೆ ಏರಿದ್ದಕ್ಕೆ ಕಾರಣ ನಾಚಿಕೆ ಎಂದು ಅಮ್ಮನೂ ನಾನೂ ಅಂದುಕೊಂಡಿದ್ದೆವು. ಅಮ್ಮ ಮೆಲ್ಲನೆ ಹಿಂದಿನಿಂದ ಹೋಗಿ ಇಣುಕಿದಾಗ, ಪತ್ರಿಕೆಯೊಳಗಿದ್ದ ಮೊಬೈಲಿನಲ್ಲಿ ಒಬ್ಬ ಯುವಕ ಗೇರ್ ಬದಲಿಸುವುದು ಹೇಗೆಂದು ಹೇಳಿಕೊಡುತ್ತಿದ್ದ. ತಾವು ಎಡಗಾಲಿನಿಂದ ಕುರ್ಚಿಯ ಕಾಲನ್ನು ಒತ್ತುತ್ತಿದ್ದಿರಿ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಜೀವಮಾನವಿಡೀ ಸೈಕಲ್ಲಿನಾಚೆಗೆ ಏನನ್ನೂ ಓಡಿಸದ ತಾವು ಕೆಂಪು ಗಾಡಿಯ ವ್ಯವಹಾರವನ್ನು ಸದ್ಯಕ್ಕೆ ತಡೆಹಿಡಿದು, ಮೊದಲು ನನ್ನ ಗಾಡಿಯಲ್ಲೇ ನನ್ನಿಂದಲೇ ತರಬೇತಿ ಪಡೆಯಬೇಕೆಂದು ಪ್ರಾರ್ಥಿಸುತ್ತೇನೆ. ಅಮ್ಮನ ಆಕ್ಷೇಪಣೆ ಇಲ್ಲ. "ನಾನೂ ಬರ್ತೀನಿ, ಇದನ್ನ ನೋಡ್ದೆ ಇರಕ್ಕಾಗಲ್ಲ" ಎಂದು ಅವರು ಲಿಖಿತವಲ್ಲದ ಒಪ್ಪಿಗೆ ನೀಡಿರುತ್ತಾರೆ.

ಹಿಂದಿನ ಸೀಟಿನಲ್ಲಿ ತಾವಿದ್ದೀರೆಂಬ ಧೈರ್ಯದಿಂದ,
ತಮ್ಮ ವಿಶ್ವಾಸಿ ಹಾಗೂ ಮಗಳು,
ಲೋಹಿತಾ

ಅಡಕಗಳು:
1) ಎಲ್.ಎಲ್.ಆರ್. ಪರೀಕ್ಷೆಯ ಪ್ರಶ್ನೋತ್ತರ ಪುಸ್ತಕ.
2) ತಮ್ಮ ತಲೆಯ ಅಳತೆಯ ಹೆಲ್ಮೆಟ್. (ಕೆಂಪು.)
3) ಮೊಣಕೈ ಮೊಣಕಾಲಿಗೆ ಹಚ್ಚುವ ಮುಲಾಮು, ಮನುಷ್ಯರದು.

ಪ್ರತಿ: ಶ್ರೀಮತಿ ನಾಗರತ್ನಮ್ಮನವರಿಗೆ, ಅಡುಗೆಮನೆ, ಮಾಹಿತಿಗಾಗಿ.

ವಿ.ಸೂ.: ಭಾನುವಾರ ಬೆಳಿಗ್ಗೆ ಕಾಲೇಜು ಮೈದಾನಕ್ಕೆ ಪಂಚೆಯಲ್ಲಿ ಬಾರದೆ ಪ್ಯಾಂಟಿನಲ್ಲಿ ಹಾಜರಾಗತಕ್ಕದ್ದು, ಹಾಗೂ ಕ್ಲಚ್ ಎಡಗೈಯಲ್ಲಿದೆ ಎಂಬುದನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬರಬೇಕೆಂದು ವಿನಂತಿ.