ಏಳು ನಿಮಿಷ ಹೆಚ್ಚಾಗಿ ಬೆಳಗಿದ ಸೂರ್ಯನಾರಾಯಣರಿಗೆ

ಮಾನ್ಯ ಸೂರ್ಯನಾರಾಯಣರೇ,

ಕುಲಗೋಡದ ರೈತ ಶಿದ್ಲಿಂಗಪ್ಪನು ನಿದ್ದೆಗೆಟ್ಟ ಕಣ್ಣುಗಳನ್ನು ಉಜ್ಜಿಕೊಂಡು ತಮಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಬೇವು ಹೂಬಿಟ್ಟಿದೆ, ಮೂಡಲಗಿ ಬಸ್‌ಸ್ಟ್ಯಾಂಡಿನ ಮುಂದೆ ಕಲ್ಲಂಗಡಿ ರಾಶಿ ಬಿದ್ದಿದೆ, ನನ್ನ ಹೆಂಡತಿ ಗೌರವ್ವ ಹಾಸಿಗೆಯನ್ನು ಅಂಗಳಕ್ಕೆ ತಂದಿದ್ದಾಳೆ. ಹೊಸ ಋತುವನ್ನು ತಾವು ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದೀರಿ ಎಂಬುದರಲ್ಲಿ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಏಳು ನಿಮಿಷದ್ದು.

ನಮ್ಮ ಅಪ್ಪ ಹೊಲ ಪಾಲು ಮಾಡುವಾಗ ಬಾವಿಯೊಂದನ್ನು ಮಾತ್ರ ಕೂಡಿಯೇ ಇಟ್ಟು, ಒಬ್ಬನಿಗೆ ಹಗಲು ನೀರು, ಇನ್ನೊಬ್ಬನಿಗೆ ರಾತ್ರಿ ನೀರು, ವರ್ಷದಲ್ಲಿ ಎರಡು ಸಲ ಹಗಲು ರಾತ್ರಿ ಸಮವಾದ ದಿನ ಪಾಳಿ ಅದಲುಬದಲು ಎಂದು ಕಟ್ಟಳೆ ಮಾಡಿದರು. ಮಕ್ಕಳಿಗಿಂತ ತಾವೇ ನಂಬಿಗಸ್ತರೆಂದು ಅವರ ಎಣಿಕೆ. ಆರು ತಿಂಗಳು ಬ್ಯಾಟರಿ ಹಿಡಿದು ಕತ್ತಲಲ್ಲಿ ಕಬ್ಬಿಗೆ ನೀರು ಹಾಯಿಸಿದ ನಾನು ನಿನ್ನೆ ಸಂಜೆ ಹಗಲು ಪಾಳಿ ಕೇಳಲು ಬಾವಿಗೆ ಹೋದರೆ, ನನ್ನ ತಮ್ಮ ಮಾಲಿಂಗ ಗೋಡೆಯ ಕ್ಯಾಲೆಂಡರನ್ನೇ ಕಿತ್ತುಕೊಂಡು ಬಂದಿದ್ದ. ಉದಯ ಆರು ಮೂವತ್ತೈದು, ಅಸ್ತ ಆರು ನಲವತ್ತೆರಡು ಎಂದು ಬೆರಳಿಟ್ಟು ತೋರಿಸಿ, "ಹಗಲ ಹನ್ನೆರಡ ತಾಸಿಗಿಂತ ಏಳ ಮಿನಿಟ ಹೆಚ್ಚ ಐತಿ, ಸಮಾ ಎಲ್ಲಿ ಆತಣ್ಣಾ? ಸಮಾ ಆದ ದಿನಾ ಪಂಪಿನ ಕೀಲಿ ಕೊಡತೇನಿ" ಎಂದ. ಇನ್ನು ಮುಂದೆ ಹಗಲು ಬೆಳೆಯುತ್ತಲೇ ಹೋಗುತ್ತದೆ. ನಿಜವಾಗಿ ಸಮವಾದ ದಿನ ವಾರದ ಹಿಂದೆಯೇ ಸುಳಿವೂ ಕೊಡದೆ ಬಂದು ಹೋಯಿತಂತೆ. ಗೋಕಾಕ ಬಸ್ಸು ಕೂಡ ಹಾರ್ನ್ ಹಾಕದೆ ನಮ್ಮೂರು ದಾಟುವುದಿಲ್ಲ, ಸ್ವಾಮಿ.

ಆದ್ದರಿಂದ ತಾವು ದಯಮಾಡಿ ನಾಳೆ ಒಂದು ದಿನ ಮೂರೂವರೆ ನಿಮಿಷ ತಡವಾಗಿ ಎದ್ದು, ಮೂರೂವರೆ ನಿಮಿಷ ಮೊದಲೇ ಮಲಗಬೇಕು. ಲೋಕಕ್ಕೆಲ್ಲ ತೊಂದರೆಯಾಗುವಂತಿದ್ದರೆ ನಮ್ಮ ಬಾವಿಯ ಸುತ್ತಲಿನ ನಾಲ್ಕು ಎಕರೆಯಲ್ಲಿ ಮಾತ್ರ ಮುಳುಗಿದರೂ ಸಾಕು. ಒಂದು ದಿನವೂ ರಜೆ ಕೇಳದ ತಮ್ಮಂಥ ನಿಷ್ಠಾವಂತರಿಗೆ, ಕೆಲಸ ಕಡಿಮೆ ಮಾಡಿ ಎಂದು ಅರ್ಜಿ ಬರೆದವನು ನಾನೊಬ್ಬನೇ ಇರಬೇಕು.

ತಮ್ಮ ವಿಶ್ವಾಸಿ,
ಶಿದ್ಲಿಂಗಪ್ಪ
(ಸದ್ಯಕ್ಕೆ ರಾತ್ರಿ ಪಾಳಿ)

ತಾ.ಕ.: ಉಳಿದ ಸಾಹೇಬರಂತೆ ತಾವೂ ಈ ಅರ್ಜಿಯನ್ನು ಕಡತದ ಅಡಿಯಲ್ಲಿ ಇಟ್ಟುಬಿಟ್ಟರೆ ಉಪಕಾರವಾಗುತ್ತದೆ. ಪಾಲಾದಂದಿನಿಂದ ಮಾಲಿಂಗ ಪಾಳಿಯ ದಿನ ಪಂಪಿನ ಕೀಲಿಯನ್ನು ಕಟ್ಟೆಯ ಮೇಲಿಟ್ಟು, ಮುಖ ನೋಡದೆ ಹೋಗುತ್ತಿದ್ದವನು. ನಿನ್ನೆ ಎರಡು ತಾಸು ಜಗಳವಾಡಿದ, ಗೌರವ್ವನ ಕೈಯಿಂದ ಎರಡು ಸಲ ಚಹಾ ಕುಡಿದ, ಮಾತುಮಾತಿಗೂ ಅಣ್ಣಾ ಎಂದ. ನನಗೆ ಬಹಳ ಸಂತೋಷವಾಯಿತು. ನಾಳೆಯೂ ಜಗಳಕ್ಕೆ ಬರುತ್ತಾನಂತೆ. ತಾವು ಲೆಕ್ಕ ಸರಿಮಾಡಿದಿರೋ, ಅವನು ಕೀಲಿ ಕೊಟ್ಟು ಹೋಗಿಬಿಡುತ್ತಾನೆ.