ದೊಡ್ಡಪ್ಪ ಹಿಂದಿನ ಸೀಟಿನಲ್ಲಿ ಕೂತು ಬೈಕ್ ಕೊಂಡದ್ದು

ಬೈಕ್ ಕೊಳ್ಳುವವರು ಓಡಿಸಿ ನೋಡುತ್ತಾರೆ. ನಮ್ಮ ದೊಡ್ಡಪ್ಪ ಹಿಂದೆ ಕೂತು ನೋಡುತ್ತಾರೆ! ಅದೂ ಹೇಗೆ? ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ತೊಡೆಯ ಮೇಲೊಂದು ಕೈಚೀಲ ಇಟ್ಟುಕೊಂಡು, ಥೇಟ್ ಗರತಿಯ ಹಾಗೆ! ಧೋತರ, ಬಿಳಿ ಟೋಪಿ, ಹುರಿಮೀಸೆ ಇಷ್ಟೂ ಇದ್ದು ಹಾಗೆ ಕೂತ ಗಂಡಸನ್ನು ನೀವೆಲ್ಲಾದರೂ ಕಂಡಿದ್ದರೆ, ಅವರೇ ಇವರು. ಎರಡನೆಯವರು ಇರಲಾರರು.

ತಪ್ಪು ಅವರದಲ್ಲ, ಕಸುಬಿನದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಲೇ ಮೀಸೆ ಬೆಳ್ಳಗಾದವರು. "ಚೀಲದ ಬಾಯಾಗಿನ ಮಾಲು ಎಲ್ಲಾರಿಗೂ ಚಂದ ಕಾಣ್ತೈತಿ. ಕೈ ತಳಕ್ಕ ಹಾಕಬೇಕೋ ತಮ್ಮಾ!" ಎನ್ನುವುದು ಅವರ ಸಿದ್ಧಾಂತ. ಬೈಕಿನ ಮುಂದಿನ ಸೀಟೆಂದರೆ ಚೀಲದ ಬಾಯಿ, ಹಿಂದಿನದೇ ತಳ.

ಇಷ್ಟಕ್ಕೆಲ್ಲ ಮೂಲ ದೊಡ್ಡವ್ವ. ಪ್ರತಿ ಶನಿವಾರ ಇಬ್ಬರೂ ಬೈಕಿನಲ್ಲಿ ಕದರಮಂಡಲಗಿ ಹಣಮಪ್ಪನ ದರ್ಶನಕ್ಕೆ ಹೋಗುತ್ತಿದ್ದರು. ಒಮ್ಮೆ ಪೇಟೆಯ ತಗ್ಗೊಂದು ಆಕೆಯ ಸೊಂಟ ಹಿಡಿಸಿತು. "ಇನ್ನ ಈ ಕುದುರಿ ನಾ ಹತ್ತಂಗಿಲ್ರೀ. ಬಸ್ಸಿಗೆ ಹೊಕ್ಕೇನಿ" ಎಂದವರು ಹಾಗೇ ಮಾಡಿದರು. ದೊಡ್ಡಪ್ಪ? ಅದೇ ಬಸ್ಸಿನ ಹಿಂದೆ ಹೊಗೆ ಕುಡಿಯುತ್ತ ಒಬ್ಬರೇ ಬೈಕಿನಲ್ಲಿ! ನೀವೂ ಬಸ್ ಹತ್ತಬಾರದೇ ಎಂದರೆ, "ಹೆಣ್ಮಕ್ಕಳು ಮುಂದ ಪುಕ್ಕಟ ಕುಂದರ್ತಾರ. ನಾ ರೊಕ್ಕಾ ಕೊಟ್ಟು ಹಿಂದ ಜೋತಾಡ್ಲೇನು?" ಎಂದರು.

ಕಡೆಗೆ, "ಸ್ವಂಟಾ ನೋಯದಂಥಾ ಗಾಡಿ ತಂದ್ರ ಹತ್ತತಿಯೇನು?" ಎಂದು ಕೇಳಿದರಂತೆ. ದೊಡ್ಡವ್ವ, "ತರ್ರಿ, ನೋಡೂಣಂತ" ಎಂದರಂತೆ. ಆ 'ನೋಡೂಣಂತ' ಒಂದನ್ನೇ ಹಿಡಿದುಕೊಂಡು ಹಾವೇರಿಯ ನಮ್ಮ ಮನೆಗೆ ಬಂದಿಳಿದರು. ಗಾಡಿ ಓಡಿಸುವ ಕೆಲಸ ನನಗೆ ಬಿತ್ತು.

ಮೊದಲ ಷೋರೂಮಿನ ಹುಡುಗಿ ಹೆಮ್ಮೆಯಿಂದ ಹೇಳಿದಳು: "ಇದರ ಶಾಕಪ್ಸರಿನ್ಯಾಗ ಗ್ಯಾಸ್ ತುಂಬೇತ್ರಿ ಯಜಮಾನ್ರ."

"ಗ್ಯಾಸ್ ನನ್ನ ಹೊಟ್ಟ್ಯಾಗೂ ತುಂಬೇತಿ ತಂಗೀ. ಹಂಗಂತ ಯಾರರ ಬಂದು ಮ್ಯಾಲ ಕುಂದರ್ತಾರೇನು?"

ಇನ್ನೊಂದರ ಹಿಂದಿನ ಸೀಟು ಆಕಾಶಕ್ಕೇ ಏರಿತ್ತು. "ಇದು ಸೀಟೋ, ಅಟ್ಟೋ? ನಿಚ್ಚಣಿಕಿ ಸಂಗಾಟ ಕೊಡ್ತೀರೇನು?"

ಮೂರನೆಯದನ್ನು ಹತ್ತಿ ಹೊರಟೆವು. ನಾನು ಸಹಜವಾಗಿ ತಗ್ಗು ತಪ್ಪಿಸಿದೆ. ಬೆನ್ನಿಗೆ ಗುದ್ದು ಬಿತ್ತು! "ತಗ್ಗಿನ್ಯಾಗ ಹೊಡಿಯೋ! ಚೊಲೋ ರಸ್ತಾದಾಗ ಎತ್ತಿನ ಬಂಡಿನೂ ಚೊಲೋನ ಓಡ್ತೈತಿ." ತಗ್ಗು ಹುಡುಕಿ ಹುಡುಕಿ ಹೊಡೆಯುತ್ತಿದ್ದರೆ ಚಹದಂಗಡಿಯವನು, "ಯಾಕ್ರೀ ಅಣ್ಣಾರ, ಕಣ್ಣು ಕಾಣವಲ್ದೇನ್ರಿ?" ಎಂದು ಕೂಗಿದ.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ದೊಡ್ಡಪ್ಪ ಹಿಂದಿನಿಂದ ಕತೆ ಬೇರೆ ಶುರುಮಾಡಿದರು. "ಮೊನ್ನೆ ಗುತ್ತಲದ ಬೀಗರು ಬಂದಿದ್ರಲ್ಲ, ಅವರು ಹೋಳಿಗಿ ತಿ... ಹ್ಹಕ್!" ನಾಲಿಗೆ ಕಚ್ಚಿಕೊಂಡರು. "ಮಾತು ತುಂಡಾತು. ಈ ಗಾಡಿ ಬ್ಯಾಡ, ತಿರುಗಿಸು!"

ಹೀಗೆ ಹಾವೇರಿಯ ಷೋರೂಮುಗಳೆಲ್ಲ ಮುಗಿದವು. ಬೀಗರು ಮಾತ್ರ ಹೋಳಿಗೆ ತಿನ್ನಲೇ ಇಲ್ಲ.

ರಾಣೇಬೆನ್ನೂರಿನಲ್ಲಿ ಒಂದು ಸಾದಾ ಬೈಕ್ ಸಿಕ್ಕಿತು. ಥಳಕಿಲ್ಲ, ಬಳುಕಿಲ್ಲ, ಉದ್ದನೆಯ ಮೆತ್ತನೆ ಸೀಟು, ಕಾಲಿಡಲು ಅಗಲ ಪಟ್ಟಿ, ಕುಲುಕಿದರೂ ಕುಕ್ಕದ ಸ್ಪ್ರಿಂಗು. ಪೈಪ್ ಹಾಕಲು ಅಗೆದಿದ್ದ ಓಣಿಗೇ ನುಗ್ಗಿಸಿದೆ. ಬೀಗರು ಹೋಳಿಗೆ ತಿಂದರು, ತುಪ್ಪ ಸಾಲದೆಂದರು, ಕೈ ತೊಳೆದರು, ಬಸ್ ಹತ್ತಿ ಗುತ್ತಲವನ್ನೂ ಮುಟ್ಟಿದರು. ಒಂದಕ್ಷರ ತುಂಡಾಗಲಿಲ್ಲ!

"ಇದನ್ನ ತೂಗಸ್ರಿ!" ಎಂದರು ದೊಡ್ಡಪ್ಪ, ಷೋರೂಮಿನವರಿಗೆ.

"ಅಲ್ರೀ ದೊಡ್ಡಪ್ಪಾ, ಗಾಡಿಗೂ ಮಾತಿಗೂ ಎಲ್ಲಿಂದೆಲ್ಲಿ ಸಂಬಂಧ?" ಎಂದು ನಾನು ನಕ್ಕೆ.

ಅವರು ನಗಲಿಲ್ಲ. ಸೀಟಿನ ಮೇಲಿನ ಧೂಳನ್ನು ಟೋಪಿಯಿಂದ ಒರೆಸಿದರು. "ಮನಿ ತುಂಬ ಮಂದಿ. ನಾ ಅಂಗಡ್ಯಾಗ, ಆಕಿ ಅಡಿಗಿಮನ್ಯಾಗ. ನಿಮ್ಮ ದೊಡ್ಡವ್ವ ನನ್ನ ಕೂಡ ಮನಸ್ ಬಿಚ್ಚಿ ಮಾತಾಡೂದು ಗಾಡಿ ಮ್ಯಾಲ ಅಷ್ಟ ನೋಡು. ಬಸ್ಸಿಗೆ ಹೋಗಾಕತ್ತಿಂದ, ಆಕಿ ಮನಸಿನ್ಯಾಗ ಏನೈತಿ ಅಂತ ನನಗ ಗೊತ್ತಾಗವಲ್ದು."

ಮುಂದಿನ ಶನಿವಾರ ಬ್ಯಾಡಗಿಯಲ್ಲಿ ಗಾಲಿಗೆ ಲಿಂಬೆಹಣ್ಣು ಇಟ್ಟಾಯಿತು. "ಕುಕ್ಕಿತು ಅಂದ್ರ ಅಲ್ಲೇ ಇಳಿದುಬಿಡಾಕಿ ನಾ, ನೋಡ್ರಿ ಮತ್ತ!" ಎಂದು ಎಚ್ಚರಿಸಿಯೇ ದೊಡ್ಡವ್ವ ಹತ್ತಿದರು. ನಾನು ಸ್ಕೂಟರಿನಲ್ಲಿ ಹಿಂದೆ. ಪೇಟೆ ದಾಟುವವರೆಗೆ ಆಕೆ ಹಿಡಿಕೆಯನ್ನು ಬಿಗಿಯಾಗಿ ಹಿಡಿದೇ ಕೂತಿದ್ದರು. ಒಂದು ತಗ್ಗು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಮೆಲ್ಲಗೆ ಕೈ ಹಿಡಿಕೆ ಬಿಟ್ಟು ದೊಡ್ಡಪ್ಪನ ಹೆಗಲಿಗೆ ಬಂತು. ಆಮೇಲೆ ಮುಖ ಅವರ ಕಿವಿಯ ಹತ್ತಿರ ಬಾಗಿತು. ಶುರುವಾಯಿತು ನೋಡಿ! ಕೈ ಆಡಿಸುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಗುತ್ತಾರೆ. ದೊಡ್ಡಪ್ಪನ ಟೋಪಿ ಹೂಂ, ಹೂಂ ಎನ್ನುತ್ತಲೇ ಇತ್ತು.

ಗುಡಿಯ ತಿರುವು ಬಂತು. ಬೈಕ್ ತಿರುಗಲಿಲ್ಲ, ನೆಟ್ಟಗೆ ಮುಂದೆ ಹೋಯಿತು. ಹಾರ್ನ್ ಒತ್ತಲೆಂದು ಇಟ್ಟ ಹೆಬ್ಬೆರಳನ್ನು ತೆಗೆದುಬಿಟ್ಟೆ. ಹಣಮಪ್ಪ ಎಲ್ಲಿಗೆ ಹೋದಾನು? ಗುಡಿಯಲ್ಲೇ ಇರುತ್ತಾನೆ.