ಮಾಮಾನ ಗೋಪುರಕ್ಕೆ ಹದಿನಾರು ಮೆಟ್ಟಿಲು

ನಮ್ಮ ಸೋದರಮಾವನಿಗೆ ದಿನಕ್ಕೆ ಎಷ್ಟು ಬೈಗುಳ ಬೀಳುತ್ತವೆ ಗೊತ್ತೇ? ಆಳಂದದ ಹಾದಿಯ ಸಸ್ಯೋದ್ಯಾನಕ್ಕೆ ಬಂದವರನ್ನು ಎಣಿಸಿ, ಹದಿನಾರರಿಂದ ಗುಣಿಸಿ! ಅಲ್ಲಿನ ವೀಕ್ಷಣಾ ಗೋಪುರ ಕಟ್ಟಿದ ಗೌಂಡಿ ಅವನೇ. ಅದರ ಹದಿನಾರು ಮೆಟ್ಟಿಲುಗಳಲ್ಲಿ ಒಂದರ ಎತ್ತರ ಇನ್ನೊಂದಕ್ಕಿಲ್ಲ. ಎಡವದೆ ಹತ್ತಿದವರು ಯಾರಿದ್ದಾರೆ?

ಆಳೆತ್ತರದ ಆ ಗೋಪುರಕ್ಕೂ ಒಂದು ಇತಿಹಾಸವಿದೆ. ಜಾಗ ಜೋಳದ ಹೊಲವಾಗಿದ್ದಾಗ ಅಲ್ಲಿ ಹಕ್ಕಿ ಕಾಯುವ ಕಟ್ಟಿಗೆಯ ಅಟ್ಟವಿತ್ತು. ಉದ್ಯಾನವಾದ ಮೇಲೆ ತಗಡಿನ ಛತ್ರಿ ನಿಲ್ಲಿಸಿದರು. ಮೊದಲ ಬಿರುಗಾಳಿಗೇ ಅದು ಗಡಿಯ ಹಿರೋಳ್ಳಿ ದಾಟಿ ಮಹಾರಾಷ್ಟ್ರ ಸೇರಿತಂತೆ! ಆಮೇಲೆ ಕಲ್ಲಿನದೇ ಆಗಲಿ ಎಂದು ಮಾಮಾನನ್ನು ಕರೆದರು. ಅವನೋ, ಹೆಂಡತಿ ಬಡಿದ ರೊಟ್ಟಿ ದುಂಡಗಿದೆಯೇ ಎಂದು ದಾರ ಹಿಡಿದು ಅಳೆಯುವ ಪ್ರಾಣಿ.

"ಈ ಕಡಿ ಸೊಟ್ಟ ಅದ ನೋಡು."

"ಹಂಗಾರ ಉಪಾಸ ಇರ್ರಿ!" ಎನ್ನುತ್ತಿದ್ದಳು ಅತ್ತೆ.

ಆ ವರ್ಷವೇ ನಾನು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದೆ. ಎಲುಬು ಕೂಡಿತು, ಆದರೆ ಧೈರ್ಯ ಹೋಗಿಬಿಟ್ಟಿತ್ತು. ಹೊಸ್ತಿಲು ಕಂಡರೂ ಹಿಂದೆ ಸರಿಯುತ್ತಿದ್ದೆ. ಇನ್ನು ನನಗೆ ಮಂಚವೇ ಗತಿ ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಮಾಮಾ ಮಾತ್ರ ವಾರಕ್ಕೊಮ್ಮೆ ಟೇಪು ಹಿಡಿದು ಹಾಜರು.

"ಕಾಲ ಎತ್ತು ಬೇ, ನೋಡ್ತೇನಿ."

"ಬರಂಗಿಲ್ಲ ಮಾಮಾ."

"ಬಂದಷ್ಟ ಎತ್ತು."

ಕಾಲನ್ನು ಎರಡು ಬೆರಳಿನಷ್ಟು ಮೇಲೆತ್ತಿದೆ. ಅಳೆದು, ಚಹಾ ಕುಡಿದು ಹೋದ. ರೊಟ್ಟಿ ಮುಗಿದು ಈಗ ನನ್ನ ಕಾಲಿಗೆ ಬಂತೇ ಇವನ ಹುಚ್ಚು! ಆದರೂ ಅವನೆದುರು ಸೋಲಬಾರದೆಂದು ಪ್ರತಿ ವಾರ ಅರ್ಧ ಬೆರಳು ಹೆಚ್ಚಿಗೆ ಎತ್ತುತ್ತಿದ್ದೆ.

ಗೋಪುರದ ಕೆಲಸ ಮುಗಿದಾಗ ನೋಡಲು ಬಂದ ಉದ್ಯಾನದ ಸಾಹೇಬರು ಎರಡನೇ ಮೆಟ್ಟಿಲಲ್ಲೇ ಮುಗ್ಗರಿಸಿದರು. "ಏನ್ರಿ ಇದು? ಒಡದು ಸಮ ಮಾಡ್ರಿ!"

"ಒಡೀತೇನ್ರಿ ಸಾಹೇಬ್ರ. ಮೊದಲ ಈಕಿ ಒಮ್ಮೆ ಹತ್ಲಿ." ನನ್ನನ್ನು ಬಲವಂತದಿಂದ ಆಟೋದಲ್ಲಿ ಕರೆತಂದಿದ್ದ.

ಮೊದಲ ಮೆಟ್ಟಿಲು ಎರಡೇ ಬೆರಳು. ಹೆದರುತ್ತಲೇ ಕಾಲಿಟ್ಟೆ. ಮುಂದಿನದು ಎರಡೂವರೆ. ನಾಲ್ಕನೆಯದಕ್ಕೆ ಬಂದಾಗ ಹೊಳೆಯಿತು: ಒಂದೊಂದು ಮೆಟ್ಟಿಲೂ ಒಂದೊಂದು ವಾರ ನನ್ನ ಕಾಲು ಎದ್ದಷ್ಟೇ ಎತ್ತರ! ಅಳುತ್ತಲೇ ಹದಿನಾರನ್ನೂ ಹತ್ತಿದೆ. ಸುತ್ತ ತೊಗರಿ ಹೂಬಿಟ್ಟಿತ್ತಂತೆ, ನನಗೇನೂ ಕಾಣಲಿಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡು, "ಇರ್ಲಿ ಬಿಡ್ರಿ, 'ನೋಡಿ ಹತ್ತಿರಿ' ಅಂತ ಬೋರ್ಡ್ ಹಾಕೋಣು" ಎಂದರು.

"ಮಾಮಾ, ನಿನ್ನ ಋಣ ಹ್ಯಾಂಗ ತೀರಸ್ಲಿ?" ಎಂದು ಮೇಲಿಂದ ಕೂಗಿದೆ.

"ಅದೆಲ್ಲ ಆಮ್ಯಾಗ. ಅಲ್ಲೇ ನಿಂದ್ರು ಬೇ, ಇಳಿಯೂದು ನಾ ಅಳತಿ ಮಾಡಿಲ್ಲ" ಎನ್ನುತ್ತ, ತಾನೂ ಎರಡು ಕಡೆ ಎಡವಿ, ಕೈ ಚಾಚಿಕೊಂಡು ಮೇಲೆ ಬಂದ.